ಆಟಿಸಂ ಇರುವ ಮಗುವಿಗೆ ಟಾಯ್ಲೆಟ್ ಕಲಿಸುವುದು: ಮೊದಲು ಹೊಟ್ಟೆ, ಆಮೇಲೆ ಬಾತ್‌ರೂಂ, ಪಾಠ ಕೊನೆಗೆ

ನಮ್ಮ ಮಗನಿಗೆ ಐದೂವರೆ ವರ್ಷ ಆಗಿದ್ದಾಗ ಅವನು ಕಕ್ಕ ಮಾಡುತ್ತಿದ್ದದ್ದು ಒಂದೇ ಜಾಗದಲ್ಲಿ. ದೇವರಮನೆ ಪಕ್ಕದ ಬೀರುವಿನ ಹಿಂದೆ, ನಿಂತುಕೊಂಡು, ಡೈಪರ್‌ನಲ್ಲಿ. ಟಾಯ್ಲೆಟ್ ಬಾಗಿಲ ಹತ್ತಿರ ಕರೆದುಕೊಂಡು ಹೋದರೆ ಮೈಯೆಲ್ಲ ಸೆಟೆದುಕೊಳ್ಳುತ್ತಿತ್ತು. ಅದನ್ನು ನಾವು ಹಠ ಅಂದುಕೊಂಡೆವು. ಗದರಿದೆವು. ಚಾಕೊಲೇಟ್ ಆಸೆ ತೋರಿಸಿದೆವು. ಒಂದು ದಿನ ಡೈಪರನ್ನೇ ಬಚ್ಚಿಟ್ಟೆವು. ಆಗ ಅವನು ಆರು ದಿನ ಕಕ್ಕ ಮಾಡಲಿಲ್ಲ. ಏಳನೇ ದಿನ ನೋವಿಗೆ ಅವನು ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಮಕ್ಕಳ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದಾಗ ವಿಷಯ ತಿಳಿಯಿತು. ಕೆಳಹೊಟ್ಟೆಯ ಎಡಗಡೆ ಮಲ ಗಟ್ಟಿಯಾಗಿ ಕೂತಿತ್ತು. ಎಷ್ಟೋ ತಿಂಗಳಿಂದ ಅವನಿಗೆ ಪ್ರತಿ ಸಲವೂ ನೋಯುತ್ತಿತ್ತು. ಹೇಳಲು ಮಾತು ಬರುತ್ತಿರಲಿಲ್ಲ.

ಅಲ್ಲಿಂದ ಮುಂದೆ ಪೂರ್ತಿ ಅಭ್ಯಾಸವಾಗಲು ಹದಿನಾಲ್ಕು ತಿಂಗಳು ಬೇಕಾಯಿತು. ಆ ದಾರಿಯಲ್ಲಿ ಕಲಿತದ್ದನ್ನು, ಥೆರಪಿಸ್ಟರಿಂದ ಮತ್ತು ಬೇರೆ ಅಪ್ಪ ಅಮ್ಮಂದಿರಿಂದ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಕ್ರಮ ಮಾತ್ರ ತಪ್ಪಿಸಬೇಡಿ. ಹೊಟ್ಟೆ ಸರಿಯಾಗದೆ ಬಾತ್‌ರೂಂ ಬದಲಾಯಿಸಿದರೆ ಉಪಯೋಗವಿಲ್ಲ. ಬಾತ್‌ರೂಂ ಭಯ ಹೋಗದೆ ಪಾಠ ತಲೆಗೆ ಹತ್ತುವುದಿಲ್ಲ. ನಾನು ಡಾಕ್ಟರ್ ಅಲ್ಲ. ಔಷಧಿಯ ಮಾತು ಬಂದ ಕಡೆಯೆಲ್ಲ ನಿಮ್ಮ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಹಠ ಅಲ್ಲದಿದ್ದರೆ ಮತ್ತೇನು?

ಹಸಿವಾಯಿತು, ಬಾಯಾರಿತು, ಸುಸ್ಸು ಬಂತು ಅಂತ ನಮ್ಮ ಮೈ ಒಳಗಿನಿಂದ ಸುದ್ದಿ ಕಳಿಸುತ್ತಲೇ ಇರುತ್ತದೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಈ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಕೆಲವರಿಗೆ ಚಡ್ಡಿ ಒದ್ದೆಯಾಗುವ ಕೊನೆ ಕ್ಷಣದಲ್ಲಿ ಗೊತ್ತಾಗುತ್ತದೆ. ಇನ್ನು ಕೆಲವರಿಗೆ ಅದೇ ಒತ್ತಡ ವಿಪರೀತ ಜೋರಾಗಿ ಬಂದು ಹೆದರಿಸುತ್ತದೆ.

ಇನ್ನೊಂದು ಮಾತು. "ನೋಡು, ಅಕ್ಕ ಎಷ್ಟು ಚೆನ್ನಾಗಿ ಹೋಗ್ತಾಳೆ" ಅಂದರೆ ಬೇರೆ ಮಕ್ಕಳು ನಕಲು ಮಾಡುತ್ತಾರೆ. ನಮ್ಮ ಮಕ್ಕಳಲ್ಲಿ ಎಷ್ಟೋ ಜನರಿಗೆ ಆ ಮಾತಿನಲ್ಲಿ ಏನೂ ಸಿಗುವುದಿಲ್ಲ. ಹುಟ್ಟಿದಾಗಿನಿಂದ ಡೈಪರ್ ಸರಿ ಇತ್ತು, ಇವತ್ತು ಯಾಕೆ ತಪ್ಪಾಯಿತು? ಬದಲಾವಣೆ ಅಂದರೇ ಕಷ್ಟ ಪಡುವ ಮಗುವಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಜೊತೆಗೆ ಚಡ್ಡಿ ಇಳಿಸುವುದು, ಕುಕ್ಕರುಗಾಲಲ್ಲಿ ಬೀಳದೆ ಕೂರುವುದು, ತೊಳೆದುಕೊಳ್ಳುವುದು. ಒಂದೊಂದೂ ಬೇರೆ ಬೇರೆ ಕೆಲಸ.

ಯಾವಾಗ ಶುರು ಮಾಡಬೇಕು ಅಂತ ತುಂಬ ಜನ ಕೇಳುತ್ತಾರೆ. ವಯಸ್ಸಿಗಿಂತ ಮೈಯನ್ನು ನೋಡಿ. ಒಂದೂವರೆ ಎರಡು ಗಂಟೆ ಡೈಪರ್ ಒಣಗಿರುತ್ತಿದ್ದರೆ ಮೂತ್ರಕೋಶ ಹಿಡಿದಿಡಲು ಕಲಿತಿದೆ ಅಂತ ಅರ್ಥ. ಮಾತು ಬರಲೇಬೇಕು ಅಂತೇನಿಲ್ಲ. ಮಗು ತಾನಾಗಿ ಆಸಕ್ತಿ ತೋರಿಸಲಿ ಅಂತ ವರ್ಷಗಟ್ಟಲೆ ಕಾಯುವುದೂ ಬೇಡ. ಒಳಗಿನ ಸುದ್ದಿಯೇ ಮುಟ್ಟದ ಮಗು ಆ ಆಸಕ್ತಿ ತೋರಿಸದೇ ಇರಬಹುದು. ಮನೆ ಬದಲಾಯಿಸುವಾಗ, ಹೊಸ ಪಾಪು ಬಂದಾಗ, ಶಾಲೆ ಶುರುವಾಗುವ ವಾರದಲ್ಲಿ ಮಾತ್ರ ಶುರು ಮಾಡಬೇಡಿ.

ಹೊಟ್ಟೆ ಮೊದಲು

ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ ಬೇರೆ ಮಕ್ಕಳಿಗಿಂತ ಜಾಸ್ತಿ. ಕಾರಣಗಳೂ ಹಲವು. ಊಟದಲ್ಲಿ ನಾಲ್ಕೈದು ಪದಾರ್ಥ ಬಿಟ್ಟು ಬೇರೆ ಮುಟ್ಟುವುದಿಲ್ಲ. ನೀರು ಕುಡಿಯುವುದು ಕಡಿಮೆ. ಒಮ್ಮೆ ನೋವಾದರೆ ಮುಂದಿನ ಸಲ ತಡೆದುಕೊಳ್ಳುತ್ತಾರೆ. ತಡೆದಷ್ಟೂ ಮಲದಲ್ಲಿರುವ ನೀರನ್ನು ಕರುಳು ಹೀರಿಕೊಳ್ಳುತ್ತದೆ, ಮಲ ಇನ್ನೂ ಗಟ್ಟಿಯಾಗುತ್ತದೆ. ಮುಂದಿನ ಸಲ ಇನ್ನೂ ನೋವು. ಈ ಸುತ್ತು ತಿಂಗಳುಗಟ್ಟಲೆ ನಡೆದರೆ ಮಲದ್ವಾರದ ಮೇಲಿನ ಕರುಳು ಹಿಗ್ಗಿಬಿಡುತ್ತದೆ. ಹಿಗ್ಗಿದ ಕರುಳಿಗೆ ತುಂಬಿದ್ದು ಗೊತ್ತಾಗುವುದಿಲ್ಲ. ಆಗ ಮಗುವಿಗೆ ಕಕ್ಕ ಬಂದಿದೆ ಅನ್ನುವುದೇ ತಿಳಿಯುವುದಿಲ್ಲ.

ಇಲ್ಲೊಂದು ಮೋಸ ಇದೆ. ಗಟ್ಟಿ ಮಲದ ಪಕ್ಕದಿಂದ ನೀರಿನಂತಹ ಮಲ ಸೋರಿ ಚಡ್ಡಿಗೆ ಹತ್ತುತ್ತದೆ. ನೋಡಿದವರು ಭೇದಿ ಅಂದುಕೊಳ್ಳುತ್ತಾರೆ. ಭೇದಿ ನಿಲ್ಲಿಸುವ ಔಷಧಿ ಕೊಟ್ಟರೆ ಇನ್ನೂ ಕೆಡುತ್ತದೆ. ದಿನಕ್ಕೆ ಐದಾರು ಸಲ ಚಡ್ಡಿಗೆ ಸ್ವಲ್ಪ ಸ್ವಲ್ಪ ಆಗುತ್ತಿದ್ದರೆ ಮೊದಲು ಮಲಬದ್ಧತೆಯ ಅನುಮಾನ ಇಟ್ಟುಕೊಂಡೇ ಡಾಕ್ಟರ ಹತ್ತಿರ ಹೋಗಿ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುವುದರಿಂದ ಸುಸ್ಸು ಕೂಡ ಪದೇ ಪದೇ ಜಾರುತ್ತದೆ. ಕಕ್ಕ ಸರಿಹೋದ ಮೇಲೆ ಸುಸ್ಸು ತಾನಾಗಿ ಸರಿಹೋದ ಮಕ್ಕಳನ್ನು ನಾನು ನೋಡಿದ್ದೇನೆ.

ಮಲ ಹೇಗಿದೆ ಅಂತ ನೋಡಲು ಬ್ರಿಸ್ಟಲ್ ಚಾರ್ಟ್ ಅಂತ ಒಂದು ಇದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ತಯಾರಾದದ್ದು. 1ರಿಂದ 7ರವರೆಗೆ ಚಿತ್ರಗಳು. 1 ಅಂದರೆ ಮೇಕೆ ಹಿಕ್ಕೆಯ ಹಾಗೆ ಬಿಡಿ ಬಿಡಿ. 2 ಗಂಟು ಗಂಟು. 3 ಮತ್ತು 4 ಬಾಳೆಹಣ್ಣಿನ ಆಕಾರ, ಇದು ಸರಿಯಾದದ್ದು. 7 ಪೂರ್ತಿ ನೀರು. ದಿನಾ ಹೋಗುತ್ತಿದ್ದರೂ 1 ಅಥವಾ 2 ಇದ್ದರೆ ಅದು ಮಲಬದ್ಧತೆಯೇ. ಡಾಕ್ಟರ ಹತ್ತಿರ "ಸರಿಯಾಗಿ ಆಗ್ತಿಲ್ಲ" ಅನ್ನುವ ಬದಲು ಈ ಸಂಖ್ಯೆ ಹೇಳಿದರೆ ಅವರಿಗೆ ಬೇಗ ತಿಳಿಯುತ್ತದೆ.

ಮಾತು ಬಾರದ ಮಗುವಿನಲ್ಲಿ ಹೊಟ್ಟೆ ನೋವು ಬೇರೆ ವೇಷದಲ್ಲಿ ಬರುತ್ತದೆ. ಸೋಫಾದ ಅಂಚಿಗೆ ಹೊಟ್ಟೆ ಒತ್ತಿ ಮಲಗುವುದು. ಕಾಲಿಗೆ ಕಾಲು ಕತ್ತರಿ ಹಾಕಿ ನಿಲ್ಲುವುದು. ರಾತ್ರಿ ಎದ್ದು ಅಳುವುದು. ತಲೆ ಚಚ್ಚಿಕೊಳ್ಳುವುದು. ಇದನ್ನೆಲ್ಲ "ಆಟಿಸಂ ಅಲ್ವಾ, ಹಾಗೇ" ಅಂತ ಯಾರಾದರೂ ತಳ್ಳಿಹಾಕಿದರೆ ಒಪ್ಪಬೇಡಿ. ಹೊಟ್ಟೆ ಪರೀಕ್ಷೆ ಮಾಡಿ ಅಂತ ಕೇಳಿ.

ಚಿಕಿತ್ಸೆ ಸಾಮಾನ್ಯವಾಗಿ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಕೂಡಿಕೊಂಡದ್ದನ್ನು ಹೊರಗೆ ಹಾಕುವುದು. ಆಮೇಲೆ ಮತ್ತೆ ಕೂಡಿಕೊಳ್ಳದ ಹಾಗೆ ದಿನಾ ಮೆತ್ತಗೆ ಇಡುವುದು. ಡಾಕ್ಟರು ಹೆಚ್ಚಾಗಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಅಥವಾ ಲ್ಯಾಕ್ಟುಲೋಸ್ ಸಿರಪ್ ಬರೆಯುತ್ತಾರೆ. ಎರಡೂ ಮಲದಲ್ಲಿ ನೀರು ಉಳಿಯುವಂತೆ ಮಾಡುತ್ತವೆ. "ಔಷಧಿ ಅಭ್ಯಾಸ ಆಗಿಬಿಡುತ್ತೆ" ಅಂತ ಹಿರಿಯರು ಹೆದರಿಸುತ್ತಾರೆ. ಎರಡು ವಾರಕ್ಕೆ ಮಲ ಮೆತ್ತಗಾಯಿತು ಅಂತ ನಾವು ನಿಲ್ಲಿಸಿಬಿಟ್ಟೆವು. ತಿಂಗಳೊಳಗೆ ಮೊದಲಿನ ಹಾಗೇ ಆಯಿತು. ಹಿಗ್ಗಿದ ಕರುಳು ಮೊದಲಿನ ಅಳತೆಗೆ ಬರಲು ತಿಂಗಳುಗಳು ಬೇಕು. ಔಷಧಿ ನಿಲ್ಲಿಸುವುದನ್ನೂ ಡಾಕ್ಟರೇ ಹೇಳಲಿ, ಅದೂ ನಿಧಾನವಾಗಿ ಕಡಿಮೆ ಮಾಡುತ್ತಾ.

ನಮ್ಮ ಕಡೆ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿ ಮಲದ್ವಾರಕ್ಕೆ ಇಡುವ ಪದ್ಧತಿ ಇದೆ. ಸೋಪಿನ ಚೂರು ಇಡುವವರೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಮುಟ್ಟಿದರೇ ಬೆಚ್ಚುವ ಮಗುವಿಗೆ ಅದು ದೊಡ್ಡ ಹಿಂಸೆ. ಆಮೇಲೆ ಆ ಜಾಗ, ಆ ಕೋಣೆ, ಆ ಕೈ ಎಲ್ಲದರ ಮೇಲೂ ಭಯ ಹುಟ್ಟುತ್ತದೆ. ಎನಿಮಾ ಕೂಡ ಡಾಕ್ಟರು ಬೇಕೇ ಬೇಕು ಅಂದಾಗ ಮಾತ್ರ.

ಊಟದ ವಿಷಯದಲ್ಲಿ ಜಗಳ ಬೇಡ. ಮಗು ಮೊಸರನ್ನ ಮಾತ್ರ ತಿನ್ನುತ್ತದೆ ಅಂದರೆ ಒಂದೇ ದಿನಕ್ಕೆ ಬಸ್ಸಾರು ಮುದ್ದೆಗೆ ಬರುವುದಿಲ್ಲ. ಈಗಾಗಲೇ ತಿನ್ನುವ ಪದಾರ್ಥದ ಪಕ್ಕದಲ್ಲಿ ಸಣ್ಣದೊಂದು ಬದಲಾವಣೆ ಮಾಡಿ. ದೋಸೆ ಇಷ್ಟ ಇದ್ದರೆ ಹಿಟ್ಟಿಗೆ ಒಂದು ಚಮಚ ರಾಗಿ. ಪಪ್ಪಾಯ, ಕಳಿತ ಬಾಳೆಹಣ್ಣು, ನೆನೆಸಿದ ಒಣದ್ರಾಕ್ಷಿ ಒಗ್ಗಿದರೆ ಒಳ್ಳೆಯದು. ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ಹಾಲಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಮಕ್ಕಳಲ್ಲಿ ಮಲ ಗಟ್ಟಿಯಾಗುವುದು ಜಾಸ್ತಿ. ನೀರು ನಾಲ್ಕರಿಂದ ಎಂಟು ವರ್ಷದ ಮಗುವಿಗೆ ದಿನಕ್ಕೆ ಸುಮಾರು ಒಂದರಿಂದ ಒಂದೂಕಾಲು ಲೀಟರ್, ಹಾಲು ಮಜ್ಜಿಗೆ ಎಲ್ಲ ಸೇರಿ. ಒಮ್ಮೆಗೇ ಬೇಡ, ದಿನವಿಡೀ ಆರೇಳು ಸಲ ಹಂಚಿ ಕೊಡಿ. ಕಬ್ಬಿಣದ ಟಾನಿಕ್ ಮಲ ಗಟ್ಟಿ ಮಾಡಬಹುದು. ರಿಸ್ಪೆರಿಡೋನ್‌ನಂತಹ ಮಾತ್ರೆಯಿಂದ ಮಲಬದ್ಧತೆಯೂ, ಹಾಸಿಗೆ ಒದ್ದೆಯಾಗುವುದೂ ಆಗಬಹುದು. ಸುಮ್ನೆ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ತಿಳಿಸಿ.

ಕೆಲವಕ್ಕೆ ಕಾಯುವುದೇ ಬೇಡ. ಸುಸ್ಸು ಮಾಡುವಾಗ ಅಳು, ಜ್ವರ, ಕೆಟ್ಟ ವಾಸನೆ ಇದ್ದರೆ ಮೂತ್ರದ ಸೋಂಕು ಇರಬಹುದು. ವಿಪರೀತ ಬಾಯಾರಿಕೆ, ಪದೇ ಪದೇ ಸುಸ್ಸು, ತೂಕ ಇಳಿಯುವುದು ಮಕ್ಕಳ ಸಕ್ಕರೆ ಕಾಯಿಲೆಯ ಲಕ್ಷಣ, ಅದೇ ದಿನ ತೋರಿಸಿ. ಮಲದಲ್ಲಿ ರಕ್ತ, ಹೊಟ್ಟೆ ಉಬ್ಬಿ ವಾಂತಿ, ಕಾಲಲ್ಲಿ ಶಕ್ತಿ ಕಡಿಮೆಯಾಗುವುದು, ಹುಟ್ಟಿದ ಮೊದಲ ವಾರಗಳಿಂದಲೇ ಮಲಬದ್ಧತೆ, ದಿನವಿಡೀ ಹನಿ ಹನಿ ಸೋರುವುದು. ಇವುಗಳಲ್ಲಿ ಯಾವುದಿದ್ದರೂ ಪಾಠ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ.

ಒಂದು ವಾರ ಬರೆದಿಡಿ

ಒಂದು ಹಳೆ ನೋಟ್‌ಬುಕ್ ಸಾಕು. ಏಳು ದಿನ ಏನನ್ನೂ ಬದಲಾಯಿಸಬೇಡಿ, ಬರೀ ಬರೆಯಿರಿ. ಎಷ್ಟು ಗಂಟೆಗೆ ಊಟ, ಎಷ್ಟು ಗಂಟೆಗೆ ನೀರು, ಯಾವಾಗ ಡೈಪರ್ ಒದ್ದೆ, ಯಾವಾಗ ಕಕ್ಕ, ಚಾರ್ಟಿನ ಯಾವ ಸಂಖ್ಯೆ, ಆಗ ಮಗು ಎಲ್ಲಿತ್ತು, ಮುಖ ಹೇಗಿತ್ತು. ಡೈಪರ್ ಒದ್ದೆಯಾದದ್ದು ಬೇಗ ತಿಳಿಯಬೇಕು ಅಂದರೆ ಒಳಗೆ ಒಂದು ಹತ್ತಿ ಬಟ್ಟೆ ಇಟ್ಟು ಗಂಟೆಗೊಮ್ಮೆ ನೋಡಿ.

ಏಳನೇ ದಿನ ಆ ಪುಟಗಳನ್ನು ನೋಡಿದರೆ ಮಗುವಿನ ಮೈಗೆ ಒಂದು ಟೈಂಟೇಬಲ್ ಇದೆ ಅಂತ ಗೊತ್ತಾಗುತ್ತದೆ. ನಮ್ಮವನಿಗೆ ಅದು ಬೆಳಗ್ಗೆ ತಿಂಡಿಯಾದ ಇಪ್ಪತ್ತೈದು ನಿಮಿಷಕ್ಕೆ. ಹೊಟ್ಟೆಗೆ ಊಟ ಬಿದ್ದಾಗ ದೊಡ್ಡ ಕರುಳು ತಾನಾಗಿ ತಳ್ಳಲು ಶುರು ಮಾಡುತ್ತದೆ. ಹಾಗಾಗಿ ಊಟ ತಿಂಡಿಯ ನಂತರದ ಅರ್ಧ ಗಂಟೆ ಬಹಳ ಬೆಲೆಬಾಳುವ ಸಮಯ. ಕೂರಿಸುವುದಾದರೆ ಆಗಲೇ.

ಬಾತ್‌ರೂಮಿನಲ್ಲಿ ನೀವೇ ಹತ್ತು ನಿಮಿಷ ಕೂತು ನೋಡಿ

ನಿಜವಾಗಿ ಮಾಡಿ. ಬಾಗಿಲು ಹಾಕಿ, ಮಗುವಿನ ಎತ್ತರಕ್ಕೆ ಕೂತು ಕೇಳಿ. ಎಕ್ಸಾಸ್ಟ್ ಫ್ಯಾನಿನ ಗುಂಯ್ ಸದ್ದು, ಟ್ಯೂಬ್‌ಲೈಟಿನ ಮಿಣುಕು, ಟೈಲ್ಸ್‌ಗೆ ಬಡಿದು ವಾಪಸ್ ಬರುವ ದನಿ, ಫಿನಾಯಿಲ್ ವಾಸನೆ, ಒದ್ದೆ ನೆಲ, ತಣ್ಣಗಿನ ಸೀಟು. ಆಮೇಲೆ ಫ್ಲಶ್. ನಮಗೆ ಅಭ್ಯಾಸವಾಗಿದೆ. ಶಬ್ದ ಜೋರಾಗಿ ಕೇಳುವ ಕಿವಿಗೆ ಫ್ಲಶ್ ಅಂದರೆ ಪಕ್ಕದಲ್ಲೇ ಪಟಾಕಿ ಹೊಡೆದ ಹಾಗೆ. ಕಕ್ಕವನ್ನು ತನ್ನ ಮೈಯ ಭಾಗ ಅಂದುಕೊಂಡಿರುವ ಮಗುವಿಗೆ ಅದು ಗುಂಡಿಯೊಳಗೆ ಮಾಯವಾಗುವುದನ್ನು ನೋಡುವುದೂ ಭಯವೇ.

ಒಂದೊಂದಾಗಿ ತೆಗೆಯಿರಿ. ಫ್ಯಾನ್ ಆಫ್ ಮಾಡಿ. ಟ್ಯೂಬ್‌ಲೈಟ್ ಬದಲು ಹಳದಿ ಬೆಳಕಿನ ಬಲ್ಬ್ ಹಾಕಿ. ವಾಸನೆಯ ಕ್ಲೀನರ್ ರಾತ್ರಿ ಹಾಕಿ ತೊಳೆದುಬಿಡಿ. ನೆಲ ಒರೆಸಿ, ಮಗುವಿಗೆ ಬೇರೆ ಚಪ್ಪಲಿ ಇಡಿ. ಫ್ಲಶ್ ಅನ್ನು ಮಗು ಹೊರಗೆ ಹೋದ ಮೇಲೆ ಒತ್ತಿ. ತಿಂಗಳುಗಳ ನಂತರ ಬಾಗಿಲ ಹೊರಗಿನಿಂದ ಕೇಳಲಿ, ಆಮೇಲೆ ಬಾಗಿಲಲ್ಲಿ ನಿಂತು, ಕೊನೆಗೆ "ಒಂದು, ಎರಡು, ಮೂರು" ಎಣಿಸಿ ತಾನೇ ಒತ್ತಲಿ. ತಾನೇ ಒತ್ತಿದ ಶಬ್ದಕ್ಕೆ ಹೆದರಿಕೆ ಕಡಿಮೆ.

ಇಂಡಿಯನ್ನೋ ವೆಸ್ಟರ್ನೋ? ಮಲ ಸುಲಭವಾಗಿ ಇಳಿಯಲು ಕುಕ್ಕರುಗಾಲು ಒಳ್ಳೆಯದು. ಆದರೆ ಮೈಯಲ್ಲಿ ಬಿಗಿ ಕಡಿಮೆ ಇರುವ ಮಕ್ಕಳು ಹಾಗೆ ಕೂತರೆ ಬೀಳುತ್ತಾರೆ. ಬೀಳುವ ಭಯ ಇದ್ದಾಗ ಮಲ ಬರುವುದಿಲ್ಲ. ವೆಸ್ಟರ್ನ್ ಆದರೆ ಎರಡು ವಸ್ತು ಬೇಕೇ ಬೇಕು. ಮಗು ಒಳಗೆ ಜಾರದ ಹಾಗೆ ಸಣ್ಣ ಸೀಟು, ಕಾಲಿಗೆ ಗಟ್ಟಿ ಮಣೆ. ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರಬೇಕು. ಕಾಲು ಗಾಳಿಯಲ್ಲಿ ನೇತಾಡುತ್ತಿದ್ದರೆ ಮಲದ್ವಾರದ ಸುತ್ತಲಿನ ಸ್ನಾಯುಗಳು ಸರಿಯಾಗಿ ಸಡಿಲವಾಗುವುದಿಲ್ಲ. ನಾವು ಅಡುಗೆಮನೆಯ ಹಳೆ ಮರದ ಮಣೆ ಇಟ್ಟೆವು. ಇಡೀ ಮನೆಯಲ್ಲಿ ಅದಕ್ಕಿಂತ ಉಪಯೋಗಕ್ಕೆ ಬಂದ ವಸ್ತು ಇನ್ನೊಂದಿಲ್ಲ.

ಮನೆಯವರೆಲ್ಲ ಒಂದೇ ಪದ

ಅಮ್ಮ "ಸುಸ್ಸು" ಅನ್ನುತ್ತಾಳೆ. ಅಜ್ಜಿ "ಉಚ್ಚೆ" ಅನ್ನುತ್ತಾರೆ. ಅಪ್ಪ "ಒಂದಕ್ಕೆ ಹೋಗ್ತೀಯಾ" ಅನ್ನುತ್ತಾನೆ. ಶಾಲೆಯಲ್ಲಿ "ವಾಶ್‌ರೂಂ", ಥೆರಪಿಯಲ್ಲಿ "ಟಾಯ್ಲೆಟ್". ಮಾತನ್ನು ಅಕ್ಷರಶಃ ಹಿಡಿಯುವ ಮಗುವಿಗೆ ಇವು ಐದು ಬೇರೆ ವಿಷಯಗಳು. "ಒಂದಕ್ಕೆ" ಅಂದರೆ ಅದಕ್ಕೆ ಸಂಖ್ಯೆ ನೆನಪಾಗಬಹುದು. "ಬಾತ್‌ರೂಮಿಗೆ ಬಾ" ಅಂದರೆ ಸ್ನಾನ ಅಂತ ಬಟ್ಟೆ ಬಿಚ್ಚಬಹುದು. ಎಲ್ಲರೂ ಕೂತು ಸುಸ್ಸಿಗೆ ಒಂದು ಪದ, ಕಕ್ಕಕ್ಕೆ ಒಂದು ಪದ, ಜಾಗಕ್ಕೆ ಒಂದು ಪದ ಅಂತ ಗೊತ್ತು ಮಾಡಿ. ಶಾಲೆಗೂ ಬರೆದು ಕೊಡಿ.

ಪದದ ಜೊತೆ ಫೋಟೋ ಇರಲಿ. ನಿಮ್ಮ ಮನೆಯ ಟಾಯ್ಲೆಟ್‌ನದ್ದೇ ಫೋಟೋ, ಅಂಗಡಿಯ ಚಿತ್ರ ಅಲ್ಲ. ಒಂದು ಕಾರ್ಡ್ ಮಗುವಿನ ಕೈಗೆ ಸಿಗುವ ಹಾಗೆ ಗೋಡೆಗೆ ಅಂಟಿಸಿ. ಒಳಗೆ ಕ್ರಮದ ಕಾರ್ಡ್‌ಗಳು: ಚಡ್ಡಿ ಕೆಳಗೆ, ಕೂರು, ತೊಳೆ, ಚಡ್ಡಿ ಮೇಲೆ, ಕೈ ತೊಳೆ.

ಕೇಳುವ ರೀತಿಯೂ ಮುಖ್ಯ. "ಸುಸ್ಸು ಬಂತಾ?" ಅಂತ ನೀವು ದಿನಾ ಕೇಳಿದರೆ, ಕೇಳಿದ್ದನ್ನೇ ತಿರುಗಿ ಹೇಳುವ ಮಗು ತನಗೆ ಬಂದಾಗಲೂ "ಸುಸ್ಸು ಬಂತಾ?" ಅನ್ನುತ್ತದೆ. ಅದು ನಿಮಗೆ ಪ್ರಶ್ನೆ ಅಲ್ಲ, ಸುದ್ದಿ. ತಕ್ಷಣ ಕರೆದುಕೊಂಡು ಹೋಗಿ. ಮಗುವಿನ ಬಾಯಲ್ಲಿ ಹೇಗೆ ಬರಬೇಕೋ ಹಾಗೇ ನೀವೂ ಹೇಳಿ: "ಸುಸ್ಸು ಬಂತು." "ಹೋಗ್ತೀಯಾ?" ಅಂತ ಕೇಳಿದರೆ "ಬೇಡ" ಅಂತ ಉತ್ತರ ಬರುತ್ತದೆ. ಕಾರ್ಡ್ ತೋರಿಸಿ "ಮೊದಲು ಟಾಯ್ಲೆಟ್, ಆಮೇಲೆ ಉಯ್ಯಾಲೆ" ಅನ್ನಿ. ಎರಡೇ ತುಂಡು. ಅದರ ಮೇಲೆ ಮಾತು ಬೇಡ.

ಕೂರುವುದನ್ನು ಕಲಿಸುವುದು

ಮೊದಲ ಗುರಿ ಕಕ್ಕ ಅಲ್ಲ, ಸುಸ್ಸೂ ಅಲ್ಲ. ಆ ಕೋಣೆಯಲ್ಲಿ ನೆಮ್ಮದಿಯಾಗಿರುವುದು. ನಮ್ಮವನು ಬಾಗಿಲ ಹೊರಗೆ ಕೂತು ಬಕೆಟ್‌ನಲ್ಲಿ ನೀರಾಡುತ್ತಾ ಒಂದು ವಾರ ಕಳೆದ. ಆಮೇಲೆ ಹೊಸ್ತಿಲಲ್ಲಿ. ಆಮೇಲೆ ಒಳಗೆ. ಮುಚ್ಚಳ ಹಾಕಿದ ಸೀಟಿನ ಮೇಲೆ, ಚಡ್ಡಿ ಸಮೇತ, ಐದು ಎಣಿಸುವಷ್ಟು ಹೊತ್ತು. ಎಣಿಕೆ ಮುಗಿದ ಕೂಡಲೇ ಇಳಿಸಿದೆ, ಅವನು ಇನ್ನೂ ಕೂರಲು ಸಿದ್ಧ ಇದ್ದರೂ ಇಳಿಸಿದೆ. ಇಷ್ಟು ಹೊತ್ತು ಅಂದರೆ ಇಷ್ಟೇ ಹೊತ್ತು ಅಂತ ಮಗುವಿಗೆ ನಂಬಿಕೆ ಬರಬೇಕು.

ನಿಧಾನವಾಗಿ ಐದು ನಿಮಿಷದವರೆಗೆ ಬನ್ನಿ. ಅದಕ್ಕಿಂತ ಜಾಸ್ತಿ ಬೇಡ. ಅರ್ಧ ಗಂಟೆ ಹಿಡಿದು ಕೂರಿಸಿದರೆ ಕಲಿಯುವುದು ಭಯವನ್ನೇ. ಬಲೂನ್ ಊದಿಸಿ, ಸೋಪ್ ಗುಳ್ಳೆ ಊದಿಸಿ. ಊದುವಾಗ ಹೊಟ್ಟೆಯ ಸ್ನಾಯು ತಾನಾಗಿ ಕೆಳಗೆ ತಳ್ಳುತ್ತದೆ. ಗಂಡು ಮಕ್ಕಳಿಗೂ ಎರಡನ್ನೂ ಕೂತೇ ಕಲಿಸಿ. ನಿಲ್ಲುವ ಪಾಠ ಆಮೇಲೆ.

ಬಹುಮಾನ ತಕ್ಷಣ ಸಿಗಬೇಕು, ಚಿಕ್ಕದಿರಬೇಕು, ಟಾಯ್ಲೆಟ್‌ಗೆ ಮಾತ್ರ ಮೀಸಲಿರಬೇಕು. ಸಂಜೆ ಪಾರ್ಕಿಗೆ ಹೋಗೋಣ ಅನ್ನುವುದು ಬಹಳ ದೂರವಾಯಿತು. ಚಪ್ಪಾಳೆ, ಜೋರು ಶಭಾಶ್ ಕೆಲವು ಮಕ್ಕಳಿಗೆ ಹಿಂಸೆ. ನಮ್ಮವನಿಗೆ ಬೇಕಾಗಿದ್ದದ್ದು ಬಸ್ಸಿನ ಟಿಕೆಟ್ ತುಂಡುಗಳು. ಒಂದು ಸಲ ಕೂತರೆ ಒಂದು ಟಿಕೆಟ್.

"ಮೂರು ದಿನದಲ್ಲಿ ಕಲಿಸಿ" ಅನ್ನುವ ವಿಡಿಯೋಗಳ ಬಗ್ಗೆ ಒಂದು ಮಾತು. 1971ರಲ್ಲಿ ಅಮೆರಿಕದ ನೇಥನ್ ಏಜ್ರಿನ್ ಮತ್ತು ರಿಚರ್ಡ್ ಫಾಕ್ಸ್ ಅನ್ನುವ ಮನಶ್ಶಾಸ್ತ್ರಜ್ಞರು, ಬುದ್ಧಿ ಬೆಳವಣಿಗೆ ಕಡಿಮೆ ಇದ್ದ ವಯಸ್ಕರಿಗಾಗಿ ಒಂದು ವಿಧಾನ ಪ್ರಕಟಿಸಿದರು. ಜಾಸ್ತಿ ನೀರು ಕುಡಿಸಿ, ಪದೇ ಪದೇ ಕೂರಿಸಿ, ಕೆಲವೇ ದಿನಗಳಲ್ಲಿ ಕಲಿಸುವುದು. ಪದೇ ಪದೇ ಕೂರಿಸುವುದು, ತಕ್ಷಣ ಬಹುಮಾನ ಕೊಡುವುದು ಅದರ ಒಳ್ಳೆಯ ಭಾಗ. ಆದರೆ ತಪ್ಪಿದಾಗ ಗದರುವುದು, ಅವರ ಕೈಯಲ್ಲೇ ಒರೆಸಿಸುವುದು ಕೂಡ ಅದರಲ್ಲಿತ್ತು. ಆ ಭಾಗ ನಮಗೆ ಬೇಡವೇ ಬೇಡ. ಥೆರಪಿ ಸೆಂಟರಿನಲ್ಲಿ ಯಾರಾದರೂ ಹಾಗೆ ಮಾಡಿಸುತ್ತಿದ್ದರೆ ನಿಲ್ಲಿಸಿ ಅಂತ ಹೇಳುವ ಹಕ್ಕು ನಿಮಗಿದೆ.

ಡೈಪರ್‌ನಲ್ಲಿ ಮಾತ್ರ ಕಕ್ಕ ಮಾಡುವ ಮಗು

ಇದು ಅತಿ ಕಷ್ಟದ ಘಟ್ಟ. ಡೈಪರ್ ಕಿತ್ತುಕೊಂಡರೆ ಏನಾಗುತ್ತದೆ ಅಂತ ಮೊದಲೇ ಹೇಳಿದೆ. ಮಗು ತಡೆದುಕೊಳ್ಳುತ್ತದೆ. ಹಾಗಾಗಿ ಡೈಪರ್ ಹಾಕಿಯೇ ಕೊಡಿ, ಜಾಗವನ್ನು ಮಾತ್ರ ಸರಿಸುತ್ತಾ ಬನ್ನಿ.

ನಾವು ಮಾಡಿದ್ದು ಹೀಗೆ. ಬೀರುವಿನ ಹಿಂದಿನ ಜಾಗದಿಂದ ಹಜಾರಕ್ಕೆ, ಅಲ್ಲಿಂದ ಬಾತ್‌ರೂಂ ಬಾಗಿಲಿಗೆ, ಅಲ್ಲಿಂದ ಒಳಗೆ. ನಿಂತುಕೊಂಡೇ, ಡೈಪರ್‌ನಲ್ಲೇ. ಇಷ್ಟಕ್ಕೇ ಐದು ವಾರ. ಆಮೇಲೆ ಮುಚ್ಚಿದ ಸೀಟಿನ ಮೇಲೆ ಡೈಪರ್ ಹಾಕಿ ಕೂತು. ನಿಂತು ಮಾಡುವವನು ಕೂತು ಮಾಡುವುದು ದೊಡ್ಡ ಹೆಜ್ಜೆ. ಇಲ್ಲಿ ಬಹಳ ದಿನ ನಿಂತೆವು. ಆಮೇಲೆ ತೆರೆದ ಸೀಟಿನ ಮೇಲೆ, ಡೈಪರ್ ಸಮೇತ. ಆಮೇಲೆ ಡೈಪರ್‌ನ ಕೆಳಗೆ ರೂಪಾಯಿ ಅಗಲದ ತೂತು ಕತ್ತರಿಸಿದೆ. ಕಕ್ಕ ಕೆಳಗೆ ಬಿತ್ತು. ಅವನು ಗಮನಿಸಲಿಲ್ಲ. ದಿನಾ ತೂತು ಸ್ವಲ್ಪ ದೊಡ್ಡದು. ಕೊನೆಗೆ ಸೊಂಟದ ಪಟ್ಟಿ ಮಾತ್ರ ಉಳಿಯಿತು. ಒಂದು ದಿನ ಅದನ್ನು ತೊಡೆಯ ಮೇಲೆ ಇಟ್ಟೆವು, ಅದೂ ನಡೆಯಿತು.

ಯಾವ ಹೆಜ್ಜೆಯಲ್ಲಾದರೂ ಎರಡು ದಿನ ಕಕ್ಕ ನಿಂತರೆ ಒಂದು ಹೆಜ್ಜೆ ಹಿಂದೆ ಹೋಗಿ. ಈ ಹೊತ್ತಿನಲ್ಲಿ ಮಲ ಮೆತ್ತಗಿರುವುದು ಎಲ್ಲಕ್ಕಿಂತ ಮುಖ್ಯ. ಒಂದೇ ಒಂದು ಗಟ್ಟಿ ಮಲ ಎರಡು ತಿಂಗಳ ಕೆಲಸವನ್ನು ಹಾಳು ಮಾಡುತ್ತದೆ.

ಸುಸ್ಸಿನ ಸಮಯ

ಇದು ಸಾಮಾನ್ಯವಾಗಿ ಬೇಗ ಬರುತ್ತದೆ. ಮಗುವಿನ ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿದರೆ ಮೂತ್ರಕೋಶ ಸುಮಾರು ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಅಂತ ಅಂದಾಜು ಸಿಗುತ್ತದೆ. ಐದು ವರ್ಷಕ್ಕೆ 180, ಅಂದರೆ ಒಂದು ಲೋಟ. ಅರ್ಧ ಗಂಟೆಗೊಮ್ಮೆ ಕರೆದುಕೊಂಡು ಹೋದರೆ ಮೂತ್ರಕೋಶ ತುಂಬುವುದೇ ಇಲ್ಲ, ತುಂಬಿದ ಅನುಭವವೂ ಆಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ಎರಡು ಗಂಟೆ ಅಂತರ ಕಂಡರೆ ಒಂದೂಮುಕ್ಕಾಲು ಗಂಟೆಗೆ ಕರೆಯಿರಿ. ಹಗಲಲ್ಲಿ ಡೈಪರ್ ಬಿಟ್ಟು ತೆಳು ಹತ್ತಿ ಚಡ್ಡಿ ಹಾಕಿ. ಒದ್ದೆಯಾದದ್ದು ಮಗುವಿಗೆ ಗೊತ್ತಾಗಲಿ. ಜಾರಿದರೆ ಮುಖ ಬದಲಾಯಿಸದೆ "ಚಡ್ಡಿ ಒದ್ದೆ. ಸುಸ್ಸು ಟಾಯ್ಲೆಟ್‌ನಲ್ಲಿ" ಅಂದು ಬಟ್ಟೆ ಬದಲಾಯಿಸಿ.

ಕೊನೆಗೆ ನೀವು ಕರೆಯುವುದನ್ನೂ ಕಡಿಮೆ ಮಾಡಬೇಕು. ಇಲ್ಲದಿದ್ದರೆ ಮಗು ಅಮ್ಮ ಕರೆದರೆ ಮಾತ್ರ ಹೋಗುವುದನ್ನು ಕಲಿಯುತ್ತದೆ. ಮಾತು ನಿಲ್ಲಿಸಿ ಕಾರ್ಡ್ ಕಡೆ ಕೈ ತೋರಿಸಿ. ಆಮೇಲೆ ಕಣ್ಣಲ್ಲಿ ಮಾತ್ರ. ಆಮೇಲೆ ಟೈಮರ್ ಶಬ್ದ ಸಾಕು.

ತೊಳೆದುಕೊಳ್ಳುವುದನ್ನು ಹಿಂದಿನಿಂದ ಕಲಿಸಿ. ಅಂದರೆ ಎಲ್ಲ ನೀವು ಮಾಡಿ, ಕೊನೆಯ ಒಂದು ಮಗ್ ನೀರು ಮಾತ್ರ ಮಗು ಹಾಕಲಿ. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆ. ಕೆಲಸ ಮುಗಿಸಿದ್ದು ಯಾವಾಗಲೂ ಮಗುವೇ ಆಗಿರುತ್ತದೆ. ಜೆಟ್ ಸ್ಪ್ರೇ ರಭಸಕ್ಕೆ ಹೆದರಿದರೆ ಮಗ್ ಸಾಕು, ಬೆಚ್ಚಗಿನ ನೀರು.

ಕಕ್ಕವನ್ನು ಮೆತ್ತುವುದು

ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಅಳುವ ತಾಯಂದಿರನ್ನು ನಾನು ಬಲ್ಲೆ. ನೀವು ಒಬ್ಬರೇ ಅಲ್ಲ. ಗೋಡೆಗೆ, ಹಾಸಿಗೆಗೆ ಮೆತ್ತುವುದಕ್ಕೂ ಕಾರಣ ಇರುತ್ತದೆ. ಮಲದ್ವಾರದಲ್ಲಿ ತುರಿಕೆ, ಒಳಗೆ ಸಿಕ್ಕಿಕೊಂಡ ಗಟ್ಟಿ ಮಲ, ತೊಳೆಯಲು ಬಾರದೆ ಕೈಯಿಂದ ಒರೆಸಿಕೊಂಡದ್ದು, ಅಂಟು ಅಂಟಾದದ್ದನ್ನು ಮುಟ್ಟುವ ಆಸೆ. ರಾತ್ರಿ ಹೊತ್ತು ತುರಿಕೆ ಜಾಸ್ತಿ ಇದ್ದರೆ ಸಣ್ಣ ಬಿಳಿ ದಾರದಂತಹ ಹುಳ ಇರಬಹುದು. ಡಾಕ್ಟರನ್ನು ಕೇಳಿ ಮನೆಯವರೆಲ್ಲ ಒಟ್ಟಿಗೆ ಔಷಧಿ ತೆಗೆದುಕೊಳ್ಳಿ. ಅಂಗನವಾಡಿ, ಶಾಲೆಗಳಲ್ಲಿ ಜಂತುಹುಳು ನಿವಾರಣೆ ದಿನ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ತಪ್ಪಿಸಬೇಡಿ.

ಆದಾಗ ಕಿರುಚಬೇಡಿ, ಬೈಯಬೇಡಿ, ತುಂಬ ಮಾತಾಡಬೇಡಿ. ದೊಡ್ಡ ಗಲಾಟೆ ಕೆಲವು ಮಕ್ಕಳಿಗೆ ಆಟವಾಗುತ್ತದೆ. ಮುಟ್ಟುವ ಆಸೆಗೆ ದಿನದಲ್ಲಿ ಬೇರೆ ಹೊತ್ತು ಕೊಡಿ: ಚಪಾತಿ ಹಿಟ್ಟು ನಾದುವುದು, ಗೋಡುಮಣ್ಣು. ಮೆತ್ತಿದ ಕೂಡಲೇ ಮಾತ್ರ ಇದನ್ನು ಕೊಡಬೇಡಿ, ಬಹುಮಾನ ಅನ್ನಿಸುತ್ತದೆ. ರಾತ್ರಿಗೆ ಹಿಂದೆ ಜಿಪ್ ಇರುವ ಒಂದೇ ತುಂಡಿನ ಬಟ್ಟೆ ಹೊಲಿಸಿ. ದರ್ಜಿಗಳು ಮಾಡಿಕೊಡುತ್ತಾರೆ.

ಶಾಲೆ, ಪ್ರಯಾಣ, ರಾತ್ರಿ

ಟಾಯ್ಲೆಟ್ ಅಭ್ಯಾಸ ಇಲ್ಲ ಅಂತ ಒಂದು ಶಾಲೆ ನಮ್ಮ ಮಗನನ್ನು ಸೇರಿಸಿಕೊಳ್ಳಲಿಲ್ಲ. ಆಗ ನಮಗೆ ಕಾನೂನು ಗೊತ್ತಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು, ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಅಂತ ಅದರ 16ನೇ ಸೆಕ್ಷನ್ ಹೇಳುತ್ತದೆ. ಶಾಲೆಗೆ ಒಂದು ಪುಟದ ಚೀಟಿ ಕೊಡಿ. ನಮ್ಮ ಪದಗಳು, ಎಷ್ಟು ಹೊತ್ತಿಗೊಮ್ಮೆ, ಯಾವ ಶಬ್ದಕ್ಕೆ ಭಯ, ಯಾರು ಸಹಾಯ ಮಾಡುತ್ತಾರೆ. ಗಂಟೆ ಹೊಡೆದು ಎಲ್ಲರೂ ನುಗ್ಗುವ ಮೊದಲು, ಐದು ನಿಮಿಷ ಮುಂಚೆ ಬಿಡಲು ಕೇಳಿ.

ಬಸ್ಸಿನಲ್ಲಿ ದೂರ ಹೋಗುವಾಗ ನೀರು ನಿಲ್ಲಿಸುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಅದರಿಂದ ಮಲ ಗಟ್ಟಿಯಾಗುತ್ತದೆ. ಬದಲಿಗೆ ಬ್ಯಾಗಿನಲ್ಲಿ ಮಡಚುವ ಸೀಟು, ಕಿವಿ ಮುಚ್ಚುವ ಹೆಡ್‌ಫೋನ್, ಮನೆಯ ಕಾರ್ಡ್, ಎರಡು ಜೊತೆ ಬಟ್ಟೆ ಇರಲಿ. ಮಾಲ್‌ಗಳಲ್ಲಿ ತಾನಾಗಿ ಫ್ಲಶ್ ಆಗುವ ಸೆನ್ಸರ್ ಇದ್ದರೆ ಅದರ ಮೇಲೆ ಒಂದು ಕಾಗದ ಅಂಟಿಸಿ.

ರಾತ್ರಿಯ ವಿಷಯ ಬೇರೆ. ರಾತ್ರಿ ಮೂತ್ರ ಕಡಿಮೆ ಮಾಡುವ ಹಾರ್ಮೋನು, ಮೂತ್ರಕೋಶದ ಬೆಳವಣಿಗೆ, ನಿದ್ದೆಯಿಂದ ಎಚ್ಚರಾಗುವುದು ಎಲ್ಲ ಸೇರಿ ಬರಬೇಕು. ಏಳು ವರ್ಷದ ಮಕ್ಕಳಲ್ಲಿ ನೂರಕ್ಕೆ ಐದರಿಂದ ಹತ್ತು ಮಕ್ಕಳು, ಆಟಿಸಂ ಇರಲಿ ಇಲ್ಲದಿರಲಿ, ಹಾಸಿಗೆ ಒದ್ದೆ ಮಾಡುತ್ತಾರೆ. ಹಗಲು ಸರಿಹೋಗುವ ತನಕ ರಾತ್ರಿ ಡೈಪರ್ ಇರಲಿ.

ಎಲ್ಲ ಸರಿಹೋಗಿ ಆರು ತಿಂಗಳ ನಂತರ ಮತ್ತೆ ಜಾರಬಹುದು. ಆಗಲೂ ಮೊದಲು ಹೊಟ್ಟೆ, ಮೂತ್ರದ ಸೋಂಕು, ಶಾಲೆಯಲ್ಲಿ ಏನಾದರೂ ಆಯಿತೇ ಅನ್ನುವುದನ್ನು ನೋಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಮಕ್ಕಳ ವಿಭಾಗ, ಜಿಲ್ಲಾ ಆಸ್ಪತ್ರೆಗಳಲ್ಲಿರುವ ಮಕ್ಕಳ ಬೆಳವಣಿಗೆಯ ಡಿಇಐಸಿ ಕೇಂದ್ರಗಳಲ್ಲಿ ಇದರ ಬಗ್ಗೆ ಕೇಳಿ. ಮಾತಿನ ಥೆರಪಿಗೆ ಹೋದಾಗಲೂ ಟಾಯ್ಲೆಟ್ ವಿಷಯ ನಾಚಿಕೆಯಿಲ್ಲದೆ ತೆಗೆಯಿರಿ.

ಮಗು ದೊಡ್ಡದಾಗುತ್ತಾ ಬಂದ ಹಾಗೆ ಬಾಗಿಲು ಹಾಕುವುದನ್ನೂ ಕಲಿಸಬೇಕು. ತೊಳೆಯಲು ಸಹಾಯ ಮಾಡುವವರು ಇಂಥವರೇ ಅಂತ ಫೋಟೋ ಸಮೇತ ಗೊತ್ತಿರಲಿ, ಅವರೂ ಮುಟ್ಟುವ ಮೊದಲು ಹೇಳಿಯೇ ಮುಟ್ಟಲಿ. ನಮ್ಮವನಿಗೆ ಈಗ ಹನ್ನೊಂದು. ಒಳಗಿನ ಚಿಲಕ ತೆಗೆಸಿದ್ದೇವೆ, ಹಾಕಿಕೊಂಡರೆ ತೆಗೆಯಲು ಬರುವುದಿಲ್ಲ. ಅದರ ಬದಲು ಬಾಗಿಲ ಹೊರಗೆ ಒಂದು ರಟ್ಟು ನೇತುಹಾಕಿದ್ದೇವೆ, ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು. ಒಳಗೆ ಹೋಗುವ ಮೊದಲು ಅವನೇ ಕೆಂಪಿಗೆ ತಿರುಗಿಸುತ್ತಾನೆ.